ಹರಿದ ಸೀರೆ ಬೇಕಾಗಿದೆ

ಹಳೆಯ ಹತ್ತಿ ಸೀರೆ ಸುಲಭಕ್ಕೆ ಸಾಯುವುದಿಲ್ಲ. ಅಂಚು ಸವೆದು ಸೆರಗು ಜಾಳಾದ ಮೇಲೂ ಅದು ಮಗುವಿಗೆ ತೊಟ್ಟಿಲಾಗುತ್ತದೆ, ನಾಲ್ಕು ಪದರ ಸೇರಿಸಿ ಹೊಲಿದರೆ ಚಳಿಗೆ ಹೊದಿಕೆಯಾಗುತ್ತದೆ, ಟೆರೇಸಿನ ಮೇಲೆ ಸಂಡಿಗೆ ಒಣಗಿಸುವ ಹಾಸಾಗುತ್ತದೆ, ಕಟ್ಟಕಡೆಗೆ ನೆಲ ಒರೆಸುವ ಬಟ್ಟೆಯಾಗಿ ಬಚ್ಚಲ ಬಾಗಿಲಲ್ಲಿ ಮುದುರಿ ಕೂರುತ್ತದೆ. ಠಾಕುರ್ಲಿಯ ನಮ್ಮ ಪುಟ್ಟ ಮನೆಯ ಅಟ್ಟದಲ್ಲಿ ಇಂಥ ಸೀರೆಗಳದೊಂದು ಗಂಟು ಅಮ್ಮನ ಕಾಲದಿಂದಲೂ ಇದೆ. ಬಿಚ್ಚಿದರೆ ನುಸಿಗುಳಿಗೆಯ ವಾಸನೆಯ ಬೆನ್ನಿಗೇ ಒಂದು ಮದುವೆ, ಒಂದು ಬಾಣಂತನ, ಒಂದು ಹಳೆಯ ಜಗಳ ಎದ್ದು ಬರುತ್ತವೆ. ನಿಮ್ಮ ಮನೆಯಲ್ಲೂ ಅಂಥದೊಂದು ಗಂಟು ಇದ್ದೀತು. ಇನ್ನೊಬ್ಬರಿಗೆ ಕೊಡಲು ಸಂಕೋಚ, ಎಸೆಯಲು ಮನಸ್ಸಿಲ್ಲ. ಹರಿದ ಸೀರೆಯೆಂದರೆ ಮನೆಯ ಒಳಗಿನ ಮಾತು, ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಎಲ್ಲರ ಕೈಯ ಫೋನಿಗೂ ಕ್ಯಾಮೆರಾ ಬರುವುದಕ್ಕೆ ಮುಂಚಿನ ದಿನಗಳವು. ಒಂದು ಶನಿವಾರ ಸಂಜೆ ವಾಶಿಯಿಂದ ವಿಮಲಕ್ಕ ಫೋನು ಮಾಡಿದರು.

“ನಿನ್ನಲ್ಲಿ ಹರಿದ ಸೀರೆ ಉಂಟಾ ಮಾರಾಯ್ತಿ? ಒಳ್ಳೇದು ಬೇಡ, ಹರಿದದ್ದೇ ಬೇಕು.”

“ಎಂತಕ್ಕೆ ವಿಮಲಕ್ಕ?”

“ನಾಳೆ ವಾಡಿಗೆ ಬರುವಾಗ ತಾ. ಅಲ್ಲೇ ಹೇಳ್ತೇನೆ.”

ವಿಮಲಕ್ಕನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅನ್ಯಾಯವಾಗಿ ಕಂಡೀತು. ಅವರು ಉಡುಪಿ ಕಡೆಯವರು, ಗಂಡನದು ವಾಶಿಯಲ್ಲಿ ಹೋಟೆಲು. ಕಲ್ಯಾಣ ದಾಟಿ ಮುರ್ಬಾಡ್ ಕಡೆಗೆ ಹೋದರೆ ಗುಡ್ಡದ ಬುಡದಲ್ಲಿ ಆದಿವಾಸಿಗಳ ಸಣ್ಣ ಸಣ್ಣ ವಾಡಿಗಳಿವೆ. ಮಳೆಗಾಲ ಮುಗಿದದ್ದೇ ಅಲ್ಲಿನ ಗಂಡ, ಹೆಂಡತಿ, ಮಕ್ಕಳು ಒಟ್ಟಾಗಿ ಇಟ್ಟಿಗೆ ಭಟ್ಟಿಗಳಿಗೆ ಹೊರಡುತ್ತಾರೆ. ಮುಂದಿನ ಮಳೆ ಬೀಳುವ ತನಕ ಮಣ್ಣು ತುಳಿದು, ಅಚ್ಚು ಹೊಡೆದು, ಹೊರಟಾಗ ಇದ್ದಷ್ಟೇ ಬರಿಗೈಯಲ್ಲಿ ಮರಳುತ್ತಾರೆ. ಡೊಂಬಿವಿಲಿಯ, ಕೋಪರಖೈರಣೆಯ ನಮ್ಮ ಗೋಡೆಗಳೆಲ್ಲ ಆ ಕೈಗಳು ತಟ್ಟಿದ ಮಣ್ಣು. ಇದನ್ನು ಕಣ್ಣಾರೆ ಕಂಡ ವಿಮಲಕ್ಕ ಸುಮ್ಮನೆ ಮನೆಗೆ ಬಂದು ಟೀವಿ ನೋಡಲಿಲ್ಲ. ಪರಿಚಯದ ಹೆಂಗಸರನ್ನು ಸೇರಿಸಿ ಒಂದು ಸಂಸ್ಥೆ ಕಟ್ಟಿದರು. ಭಟ್ಟಿಗೆ ಹೋಗದೆ ಊರಲ್ಲೇ ಬದುಕುವಂತಾಗಲಿ ಎಂದು ವಾಡಿಯ ಹೆಂಗಸರಿಗೆ ಆಡುಗಳನ್ನು ಕೊಟ್ಟರು. ಆಡಿಗೆ ಕಾಯಿಲೆಯಾದರೆ ಡಾಕ್ಟರನ್ನು ಕರೆದೊಯ್ದರು. ಸಕ್ಕರೆ ಕಾಯಿಲೆಯ ಮೈ ಹೊತ್ತು ಬಿಸಿಲಲ್ಲಿ ಗುಡ್ಡ ಹತ್ತಿದರು. ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ನಾನು ಭಾನುವಾರಗಳಲ್ಲಿ ಅವರ ಜೊತೆ ಹೋಗುತ್ತಿದ್ದೆ. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ನನ್ನ ಮರಾಠಿ ಸಲೀಸು. ವಿಮಲಕ್ಕನ ಮರಾಠಿ ಮಾತ್ರ ಎಷ್ಟು ವರ್ಷ ಕಳೆದರೂ ತುಳುವಿನ ತೋಟದಲ್ಲೇ ಸುತ್ತಾಡುತ್ತಿತ್ತು. ಹೀಗೆ ನಾನು ಅವರ ನಾಲಿಗೆಯಾದೆ.

ಮೊದಲ ಸಲ ಆಡು ಪಡೆದವರಲ್ಲಿ ಯಮುನಾಬಾಯಿ ಒಬ್ಬಳು. ನಾವು ಮೊತ್ತಮೊದಲು ಅವಳ ಗುಡಿಸಲಿಗೆ ಹೋದ ದಿನ ಅವಳು ಹೊರಗೆ ಬರಲೇ ಇಲ್ಲ. ಅರೆ ತೆರೆದ ತಟ್ಟಿಬಾಗಿಲ ಹಿಂದೆ ನಿಂತು, ಕೇಳಿದ್ದಕ್ಕೆಲ್ಲ ಕತ್ತಲೊಳಗಿಂದಲೇ ಉತ್ತರ ಕೊಟ್ಟಳು. ಹೊಸಬರೆಂದು ನಾಚಿಕೆಯಿರಬೇಕು ಎಂದು ನಾವು ನಕ್ಕು ಮುಂದೆ ಹೋದೆವು. ಅದೇ ಯಮುನಾಬಾಯಿ ಕೆಲವೇ ವರ್ಷಗಳಲ್ಲಿ ಒಂದು ಹಿಂಡಿನ ಒಡತಿಯಾದಳು. ಭಟ್ಟಿಗೆ ಹೋಗುವುದು ನಿಂತಿತು. ಗುಡಿಸಲ ಪಕ್ಕದಲ್ಲೇ ಹೆಂಚಿನ ಮನೆ ಎದ್ದಿತು, ಗುಡಿಸಲು ಆಡಿನ ಕೊಟ್ಟಿಗೆಯಾಯಿತು. ನನ್ನನ್ನು ಅವಳು ‘ತಾಈ’ ಎಂದು ಕರೆಯುತ್ತಿದ್ದಳು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ನನ್ನ ಕನ್ನಡದ ಕಿವಿಗೆ ಅದು ಪ್ರತಿ ಸಲವೂ ತಾಯಿ ಎಂದೇ ಕೇಳಿಸಿ, ನನಗಿಂತ ಹಿರಿಯಳಾದ ಅವಳೆದುರು ಸ್ವಲ್ಪ ಮುಜುಗರವಾಗುತ್ತಿತ್ತು.

ಆ ಭಾನುವಾರ ಜೀಪಿನಲ್ಲಿ ನಮ್ಮ ಜೊತೆ ಮದುವೆ ಫೋಟೋ ತೆಗೆಯುವ ಒಬ್ಬ ಸ್ಟುಡಿಯೋದವನೂ ಇದ್ದ. ದಾರಿಯಲ್ಲಿ ವಿಮಲಕ್ಕ ವಿಷಯ ಬಿಚ್ಚಿದರು. ವಾಶಿಯ ದೊಡ್ಡ ಸಭಾಗೃಹದಲ್ಲಿ ಸಂಸ್ಥೆಯ ವಾರ್ಷಿಕೋತ್ಸವ, ದಾನಿಗಳಿಗೆ ಹಂಚಲು ಚಂದದ ಪುಸ್ತಿಕೆ. ಅದರಲ್ಲಿ ಯಮುನಾಬಾಯಿಯ ಎರಡು ಚಿತ್ರ, ಒಂದು ‘ಅಂದು’, ಇನ್ನೊಂದು ‘ಇಂದು’. ಇಂದಿನದನ್ನು ತೆಗೆಯಬಹುದು, ಅಂದಿನ ಫೋಟೋ ಯಾರಲ್ಲೂ ಇಲ್ಲ. ಆದ್ದರಿಂದ ಯಮುನಾಬಾಯಿ ಹರಿದ ಸೀರೆಯುಟ್ಟು, ಕೂದಲು ಕೆದರಿ, ಹಳೆಯ ಗುಡಿಸಲ ಬಾಗಿಲಲ್ಲಿ ಒಮ್ಮೆ ಕೂತುಬಿಟ್ಟರೆ ಆಯಿತು. ನನ್ನ ಮಡಿಲ ಚೀಲದಲ್ಲಿ ಅಮ್ಮನ ನೇರಳೆ ಬಣ್ಣದ ಸೀರೆ ಇತ್ತು.

“ನಾನು ಇದನ್ನು ಅವಳಿಗೆ ಹೇಳುವುದಿಲ್ಲ,” ಅಂದೆ.

“ಎಂತ ಆಯ್ತು ಈಗ? ಅವಳು ಬಡವಿಯಾಗಿದ್ದದ್ದು ಸುಳ್ಳಾ? ಇದ್ದದ್ದನ್ನೇ ತೋರಿಸುವುದಲ್ವಾ?”

ತಲೆಗೂದಲ ಎಣ್ಣೆಯ ಜಾಹೀರಾತಿನಲ್ಲಿ ಬೋಳು ತಲೆಯ ಪಕ್ಕ ಸೊಂಪು ತಲೆಯನ್ನು ತೋರಿಸುತ್ತಾರಲ್ಲ, ಮನುಷ್ಯರ ಕಷ್ಟವೂ ಹಾಗೆ ತೋರಿಸುವ ಸರಕೇ? ನಮ್ಮ ಕರಾವಳಿಯವರು ಈ ಊರಿಗೆ ಹೇಗೆ ಬಂದರು, ಯೋಚಿಸಿ. ಒಂದೇ ಅಂಗಿಯಲ್ಲಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿ ಬೆಳಗು ಮಾಡಿದವರು ಇಂದು ಸಫಾರಿ ಸೂಟಿನಲ್ಲಿ ಸಭೆಯ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅವರಲ್ಲಿ ಒಬ್ಬರನ್ನಾದರೂ ‘ಸ್ವಾಮಿ, ಆ ಹರಿದ ಅಂಗಿ ಹಾಕಿಕೊಂಡು ಇನ್ನೊಮ್ಮೆ ಮೇಜಿನ ಮೇಲೆ ಮಲಗಿ, ಫೋಟೋ ತೆಗೆಯಬೇಕು’ ಎಂದು ಕೇಳುವ ಎದೆಗಾರಿಕೆ ಯಾರಿಗಿದೆ? ಏಳಿಗೆಯಾದ ನಮಗೆ ಹಳೆಯದನ್ನು ಮರೆಯುವ ಹಕ್ಕುಂಟು. ಬಡವರು ಮಾತ್ರ ತಮ್ಮ ಬಡತನವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಕೇಳಿದಾಗಲೆಲ್ಲ ತೆಗೆದು ಉಟ್ಟು ತೋರಿಸಬೇಕು. ದಾನ ಕೊಟ್ಟವರಿಗೆ ಮಾನವನ್ನೂ ಎತ್ತಿಕೊಳ್ಳುವ ಅಧಿಕಾರ ಕೊಟ್ಟವರು ಯಾರು?

ಇದನ್ನೆಲ್ಲ ಜೀಪಿನಲ್ಲೇ ಹೇಳಿದೆ. ವಿಮಲಕ್ಕನ ಗಂಡನೂ ಲೋಟ ತೊಳೆದೇ ಮೇಲೆ ಬಂದವರು. ವಿಮಲಕ್ಕ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು.

ವಾಡಿಯಲ್ಲಿ ಯಮುನಾಬಾಯಿ ಎಲೆ ಹಸಿರಿನ ಹೊಸ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು ಕಾದಿದ್ದಳು. ಫೋಟೋದವರು ಬರುತ್ತಾರೆಂಬ ಸುದ್ದಿ ಮುಟ್ಟಿತ್ತು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ವಿಮಲಕ್ಕನೇ ನನ್ನ ಚೀಲದಿಂದ ಸೀರೆ ತೆಗೆದು, ತಮ್ಮ ಹರುಕುಮುರುಕು ಮರಾಠಿಯಲ್ಲಿ, ಕೈಸನ್ನೆಯಲ್ಲಿ ವಿಷಯ ತಿಳಿಸಿದರು. ಯಮುನಾಬಾಯಿ ಮೊದಲು ಸೀರೆಯನ್ನು, ಆಮೇಲೆ ನನ್ನನ್ನು ನೋಡಿದಳು.

“ತಾಈ, ಇವರಿಗೆ ಸರಿಯಾಗಿ ತಿಳಿಸಿ ಹೇಳು,” ಎಂದಳು. “ಆಗಿನ ನನ್ನ ಫೋಟೋ ಯಾಕೆ ಇಲ್ಲ ಗೊತ್ತಾ? ಅತ್ತೆಗೂ ನನಗೂ ಸೇರಿ ಹೊರಗೆ ಉಟ್ಟು ಹೋಗುವಂಥದ್ದು ಒಂದೇ ಸೀರೆ ಇತ್ತು. ಅವತ್ತು ಅತ್ತೆ ಅದನ್ನು ಉಟ್ಟು ಸೌದೆಗೆ ಹೋಗಿದ್ದಳು. ನಾನು ಒಳಗೆ ಗೋಣಿಚೀಲ ಸುತ್ತಿಕೊಂಡು ನಿಂತಿದ್ದೆ. ನಾಚಿಕೆ ಅಂತ ನೀವು ನಕ್ಕಿರಿ, ನನಗೆ ಕೇಳಿಸಿತು. ಈ ಹರಿದದ್ದಾದರೂ ಇದ್ದಿದ್ದರೆ ನಾನು ಅವತ್ತೇ ಹೊರಗೆ ಬಂದು ನಿಮಗೆ ನೀರು ಕೊಡುತ್ತಿದ್ದೆ.”

ಅದುವರೆಗೆ ಮುಷ್ಕರ ಹೂಡಿದ್ದ ನನ್ನ ನಾಲಿಗೆ ಆಗ ಸಡಿಲವಾಯಿತು. ಒಂದು ಅಕ್ಷರ ಬಿಡದೆ ಅಷ್ಟನ್ನೂ ವಿಮಲಕ್ಕನಿಗೆ ಕನ್ನಡದಲ್ಲಿ ಹೇಳಿದೆ. ವಿಮಲಕ್ಕನ ಕೈಯ ಸೀರೆ ಕೆಳಗಿಳಿಯಿತು. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

“ನಾನು ಕೂತುಕೊಳ್ತೇನೆ,” ಎಂದು ಹಿಂದಿನಿಂದ ಒಂದು ಸ್ವರ ಬಂತು. ವಾಡಿಯ ಇನ್ನೊಂದು ಮನೆಯ ಎಳೆಯ ಸೊಸೆ ಮಂಜುಳಾ. ಮುಂದಿನ ಸಲ ಆಡು ಸಿಗಬೇಕಾದವರಲ್ಲಿ ತನ್ನ ಹೆಸರೂ ಇರಲೆಂದು ತಿಂಗಳುಗಳಿಂದ ಬೇಡುತ್ತಿದ್ದವಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ, ನಿಜ. ಹಸಿದವರಿಗೆ ಒತ್ತಾಯದ ಅಗತ್ಯವಿಲ್ಲವೆಂಬುದೇ ನನ್ನ ಸಂಕಟ. ಅವಳು ತನ್ನ ಸೀರೆಯ ಮೇಲೆಯೇ ಅಮ್ಮನ ಸೀರೆ ಸುತ್ತಿಕೊಂಡು ಗುಡಿಸಲ ಬಾಗಿಲಲ್ಲಿ ಕೂತಳು. ವಿಮಲಕ್ಕ ಬೇಡವೆನ್ನಲಿಲ್ಲ.

“ಥೋಡಾ ದುಖಿ ದಿಖೋ,” ಎಂದ ಸ್ಟುಡಿಯೋದವನು, ಸ್ವಲ್ಪ ದುಃಖ ಕಾಣಲಿ ಎಂದು. ಹುಡುಗಿಗೆ ಅಪ್ಪಣೆಯ ಮೇರೆಗೆ ದುಃಖಪಡುವುದು ಗೊತ್ತಿರಲಿಲ್ಲ. ಕ್ಯಾಮೆರಾ ಕಂಡದ್ದೇ ನಗು ಬಂತು. ಅವನು ಗದರಿಸಿದ. ಮತ್ತೆ ನಗು ಬಂತು. “ಆಡು ಬೇಕಾ ಬೇಡವಾ?” ಎಂದು ಅವನು ಹಿಂದಿಯಲ್ಲಿ ಕೂಗಿದಾಗ ಅವಳ ಮುಖ ಸಟ್ಟನೆ ಬಾಡಿತು. “ಬಸ್, ಬಸ್, ಹೀಗೇ ಇರು,” ಎಂದು ಅವನು ಕ್ಯಾಮೆರಾ ಎತ್ತಿದ.

ನಾನು ಅಡ್ಡ ಹೋಗಬೇಕೆಂದು ಹೆಜ್ಜೆ ಇಡುವಷ್ಟರಲ್ಲಿ ಯಮುನಾಬಾಯಿ ನನ್ನನ್ನು ದಾಟಿ ಮುಂದೆ ಹೋಗಿದ್ದಳು. ಮಂಜುಳಾಳ ರಟ್ಟೆ ಹಿಡಿದು, “ಏಳು,” ಎಂದಳು. ಹುಡುಗಿ ವಿಮಲಕ್ಕನ ಕಡೆ ನೋಡಿದಳು. “ಅವರನ್ನು ಯಾಕೆ ನೋಡ್ತೀ? ಗಬ್ಬವಾಗಿರುವ ಆ ಕಪ್ಪು ಆಡು ನಿನ್ನದು, ಇವತ್ತೇ ಹೊಡೆದುಕೊಂಡು ಹೋಗು. ಮೊದಲು ಏಳು.” ಅವಳು ಎದ್ದಳು. ಯಮುನಾಬಾಯಿ ನೇರಳೆ ಸೀರೆಯನ್ನು ಅವಳ ಮೈಯಿಂದ ಬಿಡಿಸಿ, ಧೂಳು ಕೊಡವಿ, ನೀಟಾಗಿ ಮಡಚಿ ನನ್ನ ಕೈಗಿಟ್ಟಳು. ಆಮೇಲೆ ತನ್ನ ಹಿಂಡಿನ ನಡುವೆ ಹೋಗಿ ನಿಂತು, “ಈಗ ನನ್ನದು ತೆಗೆಯಿರಿ,” ಎಂದಳು. ಹಸಿರು ಸೀರೆಯ ಆ ಚಿತ್ರದಲ್ಲಿ ಅವಳು ನಗುತ್ತಿಲ್ಲ. ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ.

ವಾಶಿಯ ಸಭೆಗೆ ನಾನೂ ಹೋಗಿದ್ದೆ. ಪುಸ್ತಿಕೆ ತೆರೆದರೆ ಬಲಗಡೆ ಯಮುನಾಬಾಯಿ, ‘ಇಂದು’. ಎಡಗಡೆ ‘ಅಂದು’ ಎಂಬುದರ ಮೇಲೆ, ತುಟಿ ಬಿರಿದ, ಕಣ್ಣು ಗುಳಿಬಿದ್ದ, ತಲೆಗೆ ಹರಕು ಹೊದ್ದ ಯಾರೋ ಹೆಂಗಸು. ಯಾವ ರಾಜ್ಯದವಳೋ, ಯಾವ ಬರಗಾಲದವಳೋ. ಅಚ್ಚು ಹಾಕುವವನು ಎಲ್ಲಿಂದಲೋ ಹುಡುಕಿ ಅಂಟಿಸಿದ್ದ. ಅವಳ ಹಣೆ ಬೇರೆ, ಮೂಗು ಬೇರೆ, ಕಿವಿ ಬೇರೆ. ತುಂಬಿದ ಸಭೆ ಆ ಪುಟ ತಿರುಗಿಸಿ ಲೊಚಗುಟ್ಟಿತು, ಕಣ್ಣೊರೆಸಿಕೊಂಡಿತು, ಚಪ್ಪಾಳೆ ತಟ್ಟಿತು. ಅವರು ಇಬ್ಬರು ಬೇರೆ ಬೇರೆ ಹೆಂಗಸರೆಂದು ಒಬ್ಬರಿಗೂ ಕಾಣಲಿಲ್ಲ. ನನ್ನನ್ನು ಇಂದಿಗೂ ಸುಡುವುದು ಆ ಸುಳ್ಳಿಗಿಂತ ಹೆಚ್ಚಾಗಿ ಈ ಕುರುಡು. ಬಡವರ ಹಸಿವನ್ನು ಕಂಡೆವೆಂದು ಬೀಗುವ ನಾವು ಬಡವರ ಮುಖವನ್ನೇ ಕಂಡಿಲ್ಲ.

“ಇದು ಅವಳಲ್ಲ,” ಎಂದೆ ಪಕ್ಕದಲ್ಲಿದ್ದ ಹಿರಿಯರಿಗೆ. ಅವರು ಕನ್ನಡಕ ಏರಿಸಿ ನೋಡಿ, “ಇರಲಿ ಬಿಡಿ, ಒಳ್ಳೆ ಕೆಲಸಕ್ಕೆ ತಾನೇ?” ಎಂದು ಪುಸ್ತಿಕೆ ಮಡಚಿದರು. ಒಳ್ಳೆಯ ಕೆಲಸವೂ ಆಯಿತೆನ್ನಿ. ಆ ವರ್ಷ ದಾನ ಹರಿದು ಬಂತು, ಮಂಜುಳಾಳಿಗೂ ಅವಳ ಓರಗೆಯವರಿಗೂ ಸಂಸ್ಥೆಯ ಆಡು ಸಿಕ್ಕಿತು, ಮಳೆ ಮುಗಿದ ಮೇಲೆ ವಾಡಿಯಲ್ಲಿ ಬೀಗ ಬಿದ್ದ ಬಾಗಿಲುಗಳು ಕಡಿಮೆಯಾದವು. ಇದನ್ನು ಮುಚ್ಚಿಟ್ಟರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಸುಳ್ಳು ಫಲ ಕೊಟ್ಟಿತೆಂದಾದರೂ ನನ್ನ ಸಿಟ್ಟು ತಣಿಯಬೇಕಿತ್ತು. ಅದು ಇನ್ನಷ್ಟು ಹೊತ್ತಿಕೊಂಡಿತು. ನಿಜ ಹೇಳಿದ್ದರೆ ನಾವು ಕೊಡುತ್ತಿರಲಿಲ್ಲವೇ? ಕೊಡುತ್ತಿರಲಿಲ್ಲವೆಂದಾದರೆ, ಕೈ ಚಾಚಿದ್ದು ಆ ಹೆಂಗಸರೋ ನಾವೋ?

ಸಭೆಯಾದ ಮುಂದಿನ ಭಾನುವಾರ ವಾಡಿಗೆ ಹೊರಟಾಗ ವಿಮಲಕ್ಕ ಬರಲಿಲ್ಲ. ಮೈ ಸರಿಯಿಲ್ಲ ಎಂದರು. ನಾನೊಬ್ಬಳೇ ಬಸ್ಸು ಹಿಡಿದು ಹೋಗಿ ಯಮುನಾಬಾಯಿಯ ಮುಂದೆ ಪುಸ್ತಿಕೆ ಬಿಚ್ಚಿ, ನಡೆದದ್ದನ್ನು ಹೇಳಿದೆ. ಬೈಯಲಿ, ಅಳಲಿ, ಹರಿದೆಸೆಯಲಿ ಎಂದುಕೊಂಡಿದ್ದೆ. ತನ್ನ ಚಿತ್ರದ ಕಡೆ ಅವಳು ಕಣ್ಣು ಹಾಯಿಸಲೂ ಇಲ್ಲ. ಎಡಗಡೆಯ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಆ ಬಿರಿದ ತುಟಿಯನ್ನು ಮುಟ್ಟಿದಳು.

“ಇವಳು ಯಾರು ತಾಈ?”

“ಗೊತ್ತಿಲ್ಲ.”

“ಇವಳಿಗೆ ಆಡು ಕೊಟ್ಟರಾ?”

ನಾನು ನನ್ನ ಮೊಬೈಲಿನಲ್ಲಿ ವಿಮಲಕ್ಕನ ನಂಬರು ಹಚ್ಚಿ, ಫೋನನ್ನು ಯಮುನಾಬಾಯಿಯ ಕೈಗೆ ಕೊಟ್ಟು, “ಅವರನ್ನೇ ಕೇಳು,” ಅಂದೆ. ಅವಳು ಅದನ್ನು ಕಿವಿಗೆ ಒತ್ತಿಕೊಂಡು, ಗುಡ್ಡದ ಆಚೆಗಿರುವವರಿಗೆ ಕೇಳಿಸಬೇಕೆಂಬಂತೆ ಗಟ್ಟಿ ದನಿಯಲ್ಲಿ ಅದೇ ಪ್ರಶ್ನೆ ಕೇಳಿದಳು.