ಐವತ್ತೆರಡರ ಯುವರಾಜ

ಜೇವರ್ಗಿಯ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಯುವರಾಜ ಎಂಬುದು ಬರೀ ಶೋಕಿಯ ಬಿರುದಲ್ಲ, ತಂದೆ ಗದ್ದುಗೆಯ ಮೇಲಿರುವಾಗಲೇ ಮಗನಿಗೆ ಒಂದು ನಾಡು ವಹಿಸಿ ಅಲ್ಲಿ ಅವನ ಮಾತು ನಡೆಯುವಂತೆ ಮಾಡುತ್ತಿದ್ದರು ಎಂದು ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುತ್ತೇನೆ. ಹೇಳಿ ಕೊಳಕೂರಿನ ಮನೆಗೆ ಬಂದರೆ ನಾನು ‘ಸಣ್ಣ ಗೌಡ್ರು’. ವಯಸ್ಸು ಐವತ್ತೆರಡು! ಮದುವೆಗಳಲ್ಲಿ ಮುಂದಿನ ಕುರ್ಚಿ, ಶಾಲು, ಹಾರ ಎಲ್ಲ ನನಗೇ. ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ಮಾತ್ರ ಇಂದಿಗೂ ಅಪ್ಪನ ಉಡದಾರದಲ್ಲಿ.

ಹೋದ ಮಳೆಗಾಲದ ಮಾತು. ನಮ್ಮ ಹೊಲದ ಆಚೆ ಒಬ್ಬ ವಿಧವೆಯ ತುಂಡು ಹೊಲವಿದೆ. ಹಳ್ಳ ತುಂಬಿ ಇದ್ದ ಹಾದಿ ಮುಳುಗಿದರೆ ಅಲ್ಲಿಗೆ ಹೋಗಲು ಆಕೆಗೆ ನಮ್ಮ ಹೊಲ ಬಿಟ್ಟರೆ ಗತಿಯಿಲ್ಲ. ಬದುವಿನ ಗುಂಟ ಒಂದು ಬಂಡಿ ಹೋಗುವಷ್ಟು ಹಾದಿ ಕೇಳಿದಳು.

‘ಬಿಡ್ತೇವಿ ತಗೋ ಯಕ್ಕಾ,’ ಎಂದು ಊರಕಟ್ಟೆಯ ಮೇಲೆ, ನಾಲ್ಕು ಮಂದಿಯೆದುರು ಮಾತು ಕೊಟ್ಟೆ. ಪಕ್ಕದಲ್ಲೇ ಕೂತಿದ್ದ ಅಪ್ಪ ಚಕಾರವೆತ್ತಲಿಲ್ಲ. ಒಪ್ಪಿದರೆಂದೇ ತಿಳಿದೆ. ವಾರದೊಳಗೆ ಆ ಹಾದಿಯನ್ನೂ ಸೇರಿಸಿ ತೊಗರಿ ಬಿತ್ತಿಸಿಬಿಟ್ಟರು.

ಕೇಳಿದ್ದಕ್ಕೆ, ‘ಮಂದ್ಯಾಗ ನಿನ್ನ ಮಾನ ಕಳೀಬಾರ್ದಂತ ಸುಮ್ನಿದ್ದೆ,’ ಎಂದರು.

ಕೊಟ್ಟ ಮಾತು ಮಣ್ಣುಪಾಲಾದರೆ ಹೋಗುವುದು ಯಾರ ಮಾನ?

ತೊಗರಿ ಮೊಣಕಾಲೆತ್ತರ ಬರುವ ಹೊತ್ತಿಗೆ ಹಳ್ಳ ತುಂಬಿತು. ಆಚೆ ಆಕೆಯ ಉದ್ದಿನ ಬೆಳೆಯನ್ನು ಕಳೆ ನುಂಗುತ್ತಿತ್ತು. ಆಕೆ ಬುತ್ತಿಗಂಟು ಹಿಡಿದು, ಅಪ್ಪನ ತೊಗರಿ ತುಳಿಯಲು ಹೆದರಿ, ಈಚೆಯೇ ನಿಂತಿದ್ದಳು. ಬದುವಿನ ಗುಂಟ ಟ್ರ್ಯಾಕ್ಟರ್ ಹೊಡೆದು ಹಾದಿ ಮಾಡೆಂದು ನಮ್ಮ ಡ್ರೈವರನಿಗೆ ಹೇಳಿದೆ. ಅವನು ಇಂಜಿನ್ ಆರಿಸಿ ತಲೆ ಕೆರೆದುಕೊಂಡ.

‘ದೊಡ್ಡ ಗೌಡ್ರಿಗಿ ಒಂದ್ ಮಾತ ಕೇಳ್ತೇನ್ರಿ.’

‘ಇರ್ಲಿ ಬಿಡ್ರಿ ಸಣ್ಣ ಗೌಡ್ರ,’ ಎಂದಳು ಆಕೆ. ‘ನಿಮ್ಮ ಕೈಯಾಗರ ಏನದರಿ, ಪಾಪ.’

ಯಾರು ಯಾರಿಗೆ ಪಾಪ ಅನ್ನಬೇಕು! ಚಪ್ಪಲಿ ಕಳಚಿ ಹೊಲಕ್ಕಿಳಿದು ಎರಡೂ ಕೈಯಿಂದ ತೊಗರಿ ಕೀಳತೊಡಗಿದೆ. ಸೀಮೆಸುಣ್ಣ ಹಿಡಿದ ಅಂಗೈ, ಹತ್ತು ಗಿಡಕ್ಕೇ ಸುಲಿಯಿತು. ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ಬಂದು ನಿಂತ ಅಪ್ಪ ಗುಡುಗಿದರು: ‘ಯಾರ್ನ ಕೇಳಿ ಕೀಳಾಕತ್ತೀಲೇ?’

ನಾನು ತಿರುಗಿಯೂ ನೋಡಲಿಲ್ಲ. ನಾಲ್ಕು ಮಾರು ಹಾದಿ ತೆರೆದಿತ್ತು. ‘ನಡಿ ಯಕ್ಕಾ, ನನ್ನ ಹಿಂದ ಬಾ,’ ಎಂದೆ.

ಆಕೆ ಅಪ್ಪನ ಮುಖ ನೋಡುತ್ತ ನಿಂತಳು. ಹೆಜ್ಜೆ ಕಿತ್ತಿಡಲಿಲ್ಲ.