ಅವ್ವನ ಎಡಸೊಂಟ

ಫಿಸಿಯೋಥೆರಪಿ ಓದಲು ಸೇರಿದ ಮೊದಲ ವರ್ಷ ಸೀನಿಯರ್ ಒಬ್ಬಳು ನನಗೊಂದು ಸೊಂಟದ ಮೂಳೆ ಕೊಟ್ಟಳು. ನಿಜವಾದ ಮೂಳೆ, ಯಾರದೋ ಎಡಭಾಗದ್ದು. ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು, ಬಂದು ಸೇರುವ ಜಾಗಕ್ಕೆ ನೀಲಿ ನೇಲ್‌ಪಾಲಿಶ್ ಬಳಿದು ಗುರುತು ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ವರ್ತೂರಿನ ನಮ್ಮ ತಗಡಿನ ಶೆಡ್ಡಿನಲ್ಲಿ ಅದನ್ನು ಕಂಡ ಅವ್ವ ಹೆದರಲಿಲ್ಲ. "ಯಾರ ಮನಿ ಹೆಣ್ಮಗಳೋ ಏನೋ, ಪಾಪ" ಎಂದು ಹಳೇ ಸೀರೆಯ ತುಂಡು ಸುತ್ತಿಕೊಟ್ಟಳು.

ಅವ್ವ ರಾಯಚೂರು ಕಡೆಯವಳು. ಅಪಾರ್ಟ್‌ಮೆಂಟ್ ಕಟ್ಟುವ ಸೈಟುಗಳಲ್ಲಿ ವರ್ಷಗಟ್ಟಲೆ ಜಲ್ಲಿ ಹೊತ್ತವಳು. ನಡೆಯುವಾಗ ಎಡಕ್ಕೆ ವಾಲುತ್ತಿದ್ದಳು. ಅವಳ ನಡಿಗೆಯೇ ಹಾಗೆ ಎಂದುಕೊಂಡು ನಾನು ಬೆಳೆದೆ.

ಒಂದು ದಿನ ಕ್ಲಾಸಿನಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯುವಿನ ಪಾಠವಾಯಿತು. ಸೊಂಟದ ಮೂಳೆಯ ಅಗಲವಾದ ಹೊರಮೈಯಲ್ಲಿ ಹುಟ್ಟಿ ತೊಡೆಮೂಳೆಗೆ ಸೇರುವ ಅದು, ಒಂಟಿಕಾಲಲ್ಲಿ ನಿಂತಾಗ ಸೊಂಟವನ್ನು ಸಮವಾಗಿ ಹಿಡಿಯುತ್ತದಂತೆ. ಅದು ಸೋತರೆ, ಇಲ್ಲವೇ ಕೀಲು ಕೆಟ್ಟರೆ, ಎತ್ತಿದ ಕಾಲಿನ ಕಡೆ ಸೊಂಟ ಕುಸಿಯುತ್ತದೆ.

ಮನೆಗೆ ಬಂದವಳೇ ಅವ್ವನನ್ನು ಎಡಗಾಲ ಮೇಲೆ ನಿಲ್ಲಿಸಿದೆ. ಸೊಂಟದ ಮುಂದೆ ಕೈಗೆ ಸಿಗುವ ಎರಡು ಮೂಳೆಮೊನೆಗಳ ಮೇಲೆ ಬೆರಳಿಟ್ಟೆ. ಬಲಗಡೆಯದು ಸರ್ರನೆ ಕೆಳಗಿಳಿಯಿತು. ಥೇಟ್ ಪುಸ್ತಕದಲ್ಲಿದ್ದ ಹಾಗೆ! ಬರೆಯಲು ನಾಚಿಕೆಯಾಗುತ್ತದೆ, ಆದರೆ ನನಗೆ ಆಗ ಆಗಿದ್ದು ಖುಷಿಯೇ.

ಪರೀಕ್ಷೆ ಹತ್ತಿರವಿತ್ತು. ಭಾನುವಾರ ಮಾರತ್ತಹಳ್ಳಿಯ ಪಿಜಿಯಿಂದ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದೆ. "ಇನ್ನೊಂದ್ಸಲ ಆಂಟಿ, ಪ್ಲೀಸ್" ಎನ್ನುತ್ತಾ ಅವರೂ ಸರದಿಯಲ್ಲಿ ಬೆರಳಿಟ್ಟು ನೋಡಿದರು. ಅವ್ವ ಗೋಡೆ ಹಿಡಿಯದೆ ನಿಂತಳು, ಮತ್ತೆ ನಿಂತಳು, ಮತ್ತೂ ನಿಂತಳು. ಹಣೆಯಲ್ಲಿ ಬೆವರು ಕಂಡಿತು. ತಗಡಿನ ಸೆಕೆ ಎಂದುಕೊಂಡೆ. ನೋಯುತ್ತದೆಯೇ ಎಂದು ಕೇಳುವ ಬುದ್ಧಿ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ, ಓದಿದ ದಂಡಪಿಂಡಗಳು.

ಮರುದಿನ ಅವಳಿಗೆ ಚಾಪೆಯಿಂದ ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ತೊಡೆಮೂಳೆಯ ಗುಂಡುತಲೆ ಸವೆದು ಚಪ್ಪಟೆಯಾಗಿದೆ, ಇದು ಎಷ್ಟೋ ವರ್ಷದ ನೋವು ಎಂದರು.

"ಮನೇಲಿ ಯಾರೂ ಗಮನಿಸ್ಲೇ ಇಲ್ವಾಮ್ಮಾ?"

ಗಮನಿಸಿದ್ದೆ. ಮಾರ್ಕ್ಸಿಗಾಗಿ ಗಮನಿಸಿದ್ದೆ.

ಸ್ಟ್ರೆಚರಿನ ಮೇಲಿದ್ದ ಅವ್ವ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ನಿನ್ನಿ ನಾ ಬರೋಬ್ಬರಿ ನಿಂತಿದ್ನಿಲ್ಲೊ ಯವ್ವಾ? ಆ ಹುಡುಗ್ಯಾರಿಗೆ ತಿಳೀತಿಲ್ಲೊ?"