ಒಳಗಿನಿಂದ ಹಾಕಿದ ಚಿಲಕ

ಗಂಗಾವತಿಯ ನಮ್ಮ ಓಣಿಯಲ್ಲಿ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದ ಒಬ್ಬಾಕೆ ಇದ್ದಳು. ನಮಗೆಲ್ಲ ದೊಡ್ಡವ್ವ. ಆಕೆಯ ರೊಟ್ಟಿಯ ಸಪ್ಪಳದಿಂದಲೇ ನಮಗೆ ಬೆಳಗಾಗುತ್ತಿತ್ತು. ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಆಕೆ ಮನೆಗೆ ಮರಳಿದ ಮೇಲೆ ಆ ಸಪ್ಪಳ ನಿಂತುಹೋಯಿತು.

ಡಾಕ್ಟರು, "ಎಲ್ಲಾ ಛಲೋ ಐತಿ, ಕೆಲಸ ಮಾಡ್ರಿ" ಅಂದರೂ ಅಂಜಿಕೆ ಆಕೆಯನ್ನು ಬಿಡಲಿಲ್ಲ. ಒಲೆಯ ಮುಂದೆ ಕೂತು ಹಿಟ್ಟಿಗೆ ಕೈಹಾಕಿದವಳು, ಅದೇ ಕೈಯನ್ನು ಎದೆಯ ಮೇಲಿಟ್ಟುಕೊಂಡು ಹೊರಗಿನ ಕಟ್ಟೆಗೆ ಓಡಿ ಬರುತ್ತಿದ್ದಳು. ಸೆರಗಿನ ಮೇಲೆ ಬೆರಳುಗಳ ಬಿಳಿ ಗುರುತು. ಮುಚ್ಚಿದ ಬಾಗಿಲೆಂದರಂತೂ ಜೀವವೇ ಹೋದಂತೆ. ಸ್ನಾನಕ್ಕೆ ಹೋದಾಗಲೂ ಬಚ್ಚಲ ಬಾಗಿಲು ಅರ್ಧ ತೆರೆದು, ಹೊರಗೆ ನನ್ನನ್ನು ಕೂಡಿಸಿ, "ಅದಿಯೇನವಾ?" ಎಂದು ಕೇಳುತ್ತಲೇ ಇರುತ್ತಿದ್ದಳು.

ಒಂದು ಮುಂಜಾನೆ, ಆಕೆಯ ಜೊತೆಗಿದ್ದ ಸೊಸೆ ಕೆಲಸಕ್ಕೆ ಹೋದ ಮೇಲೆ, ಮನೆಯ ಬಾಗಿಲು ಮುಚ್ಚಿತ್ತು. ನೂಕಿ ನೋಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ನನ್ನ ಕೂಗಿಗೆ ಓಣಿಯೆಲ್ಲ ಕೂಡಿತು. ಬಾಗಿಲು ಮುರಿಯಲು ಒಬ್ಬ ಹಾರೆಯನ್ನೂ ತಂದ. ಗದ್ದಲ ಒಂದು ಕ್ಷಣ ಅಡಗಿದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

"ದೊಡ್ಡವ್ವಾ, ಅದಿಯೇನು?" ಈ ಸಲ ಕೇಳಿದವಳು ನಾನು.

"ಅದೀನವಾ. ಬಾಗ್ಲಾ ತೆರೆದಿದ್ರ ಮತ್ತ ಹೊರಗ ಕಟ್ಟಿ ಮ್ಯಾಲ ಓಡಿ ಬರತಿದ್ದೆ. ಅದಕ್ಕ ಚಿಲಕ ಹಾಕ್ಕೊಂಡೀನಿ. ಈ ಹಿಟ್ಟು ಮುಗಿಯೂತನಕ ತೆಗಿಯಂಗಿಲ್ಲ." ದನಿ ನಡುಗುತ್ತಿತ್ತು. ಬಡಿತ ಮಾತ್ರ ನಿಲ್ಲಲಿಲ್ಲ.

ಹಾರೆ ತಂದವನು ಅದನ್ನು ಸದ್ದಾಗದಂತೆ ನೆಲಕ್ಕಿಟ್ಟ. ಹಿಟ್ಟು ಮುಗಿಯುವ ತನಕ ಓಣಿಯವರು ಯಾರೂ ಅಲ್ಲಿಂದ ಕದಲಲಿಲ್ಲ.